ಕೊನೆಯ ಮೂರು ಆಟಗಳು

ಬಿದಿರು, ತಗಡು, ತಟ್ಟುಗಳಿಂದ ಬಯಲಿನಲ್ಲಿ ಎದ್ದು, ಸುಗ್ಗಿಯಿಂದ ಮಳೆಗಾಲದವರೆಗೆ ಬಾಳುತ್ತಿದ್ದ ಜಾಗವೇ ಗದಗ ಸೀಮೆಯ ಕಂಪನಿ ಥೇಟರು. ನಾಟಕಕ್ಕೂ ಈ ಸೀಮೆಗೂ ನಂಟು ಹಳೆಯದು. ಮರಾಠಿ ನಾಟಕಗಳ ಅಬ್ಬರಕ್ಕೆ ಉತ್ತರವಾಗಿ ಶಾಂತಕವಿಗಳು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದ್ದು ಗದಗಿನಲ್ಲೇ. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಗೂ ಇದೇ ನೆಲೆ. ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಸ್ತ್ರೀಯರದೇ ಮಂಡಳಿ ನಡೆಸಿದರು. ಇದೇ ಸೀಮೆಯ ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ್ದು. ಮರಾಠಿ ರಂಗಭೂಮಿ 1843ರಲ್ಲಿ ಕಣ್ಣುಬಿಟ್ಟದ್ದೂ ಅದೇ ಸಾಂಗಲಿಯಲ್ಲಿ. ಹೀಗಾಗಿ ನಾಟಕದ ಮಟ್ಟಿಗೆ ತಮಗೆ ಎರಡೂ ಕಡೆ ಹಕ್ಕಿದೆ ಎಂದು ಶಿರಹಟ್ಟಿಯವರು ವಾದಿಸಬಹುದು. ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳ ಅನ್ನಕ್ಕಾಗಿ ಕಂಪನಿಯನ್ನೇ ಹೂಡಿದರು. ಆ ಆಟಕ್ಕೆ ಹೋದವರಿಗೆ, ನಿದ್ದೆಗೆಟ್ಟರೂ ಪುಣ್ಯ ಬಂತೆಂದು ಮನೆಯಲ್ಲಿ ಹೇಳಿಕೊಳ್ಳುವ ಅನುಕೂಲವಿತ್ತು.

ಹತ್ತಿ ಮಾರಿ ಕೈಯಲ್ಲಿ ರೊಕ್ಕ ಆಡುವಾಗ, ಇಲ್ಲವೇ ಗದಗಿನ ತೋಂಟದಾರ್ಯ, ಶಿರಹಟ್ಟಿಯ ಫಕ್ಕೀರೇಶ್ವರ, ಮುಂಡರಗಿಯ ಅನ್ನದಾನೀಶ್ವರ ಜಾತ್ರೆಗಳ ಹೊತ್ತಿಗೆ ಕಂಪನಿ ಬರುತ್ತಿತ್ತು. ಆಟ ರಾತ್ರಿ ಹತ್ತಕ್ಕೆಂದು ಹ್ಯಾಂಡ್‌ಬಿಲ್ಲು ಸಾರಿದರೂ ಮೂರನೆಯ ಗಂಟೆ ಬಾರಿಸುವುದು ಗಲ್ಲಾಪೆಟ್ಟಿಗೆಗೆ ತೃಪ್ತಿಯಾದ ಮೇಲೆಯೇ. ತರುಣರಿಗೆ ನಿಜವಾದ ಆಟ ಈ ನಡುವಿನ ಹೊತ್ತಿನದು. ಗೇಟಿನ ಹೊರಗೆ ಮಿರ್ಚಿ, ಗಿರ್ಮಿಟ್ಟು, ಚಹಾ. ಬೆಟಗೇರಿಯ ಮಗ್ಗ ಬಿಟ್ಟು ಬಂದವರು, ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ ಬೆರಳು ಕಪ್ಪಾದವರು, ಹಳ್ಳಿಯಿಂದ ಚಕ್ಕಡಿ ಹೂಡಿಕೊಂಡು ಬಂದವರು. ಹತ್ತಿಯ ಧಾರಣಿ, ಕನ್ಯೆ ನೋಡುವ ಮಾತುಕತೆ, ನಾಯಕಿಯ ಅಸಲಿ ವಯಸ್ಸು ಎಲ್ಲವೂ ಅಲ್ಲೇ ತೀರ್ಮಾನ. ರೊಕ್ಕವಿಲ್ಲದವರಿಗೆ ಹಿಂಬದಿಯ ತಟ್ಟು ಇತ್ತು. ಅದನ್ನೆತ್ತಿ ನುಸುಳಿ ನೆಲದಲ್ಲಿ ಕೂತವರೇ ನಾಟಕದ ಕಡುನಿಷ್ಠುರ ವಿಮರ್ಶಕರು.

ಒಳಗಿನ ಏರ್ಪಾಡುಗಳಲ್ಲಿ ಗಮನಿಸಬೇಕಾದದ್ದು ಆಹೇರಿ. ನಟನನ್ನು ಮೆಚ್ಚಿದವರು ಚೀಟಿಯೊಡನೆ ಐದೋ ಹತ್ತೋ ರೂಪಾಯಿ ಕಳಿಸಿದರೆ ಅವರ ಹೆಸರು, ಊರು ಮೈಕಿನಲ್ಲಿ ಸಾರಬೇಕು. ತಾಯಿ ಮಗನ ತೊಡೆಯ ಮೇಲೆ ಪ್ರಾಣ ಬಿಡುವಾಗಲೇ ಆಹೇರಿ ಹೆಚ್ಚು ಬರುತ್ತಿದ್ದರಿಂದ ಆಕೆಯ ಸಾವು ಸಾಕಷ್ಟು ತಡವಾಗುತ್ತಿತ್ತು. ಓದಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದ ಗೆಳೆಯನ ಹೆಸರಿನಲ್ಲಿ ಎರಡು ರೂಪಾಯಿ ಕಳಿಸಿ, ಮುಂದಿನ ಕುರ್ಚಿಯಲ್ಲಿ ಕೂತ ಅವನಪ್ಪನಿಗೆ ಸುದ್ದಿ ಮುಟ್ಟಿಸುವುದು ಆ ಕಾಲದ ಅಗ್ಗದ ಸೇಡು.

ಕ್ಯಾಂಪು ಹಾಕಿ ತಿಂಗಳಾಗುವಷ್ಟರಲ್ಲಿ ‘ಕೊನೆಯ ಮೂರು ಆಟಗಳು’ ಎಂಬ ಬೋರ್ಡು ಬೀಳುತ್ತಿತ್ತು. ಜನರ ಒತ್ತಾಯದ ಮೇರೆಗೆ ಮೂರು ಆರಾಗಿ, ಆರು ಹನ್ನೆರಡಾಗುತ್ತಿದ್ದವು. ಒತ್ತಾಯ ಮಾಡಿದವರು ಯಾರೆಂದು ಮಾತ್ರ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೀಗಾಗಿ ನಿಜವಾಗಿಯೂ ಕೊನೆಯಾದಾಗ ಯಾರೂ ನಂಬಲಿಲ್ಲ. ಮೊದಲು ಸಿನೆಮಾ, 1987ರಲ್ಲಿ ದೂರದರ್ಶನದ ರಾಮಾಯಣ. 1997ರಲ್ಲಿ ಗದಗ ಜಿಲ್ಲೆಯಾದ ಮೇಲಂತೂ ಬಯಲಿಗೆ ಬೆಲೆ ಬಂದು ಸೈಟುಗಳೆದ್ದವು. ಪ್ರತಿ ವರ್ಷ ಬಿಚ್ಚಿ ಒಯ್ಯುವ ಜಾಗ ಯಾವಾಗ ಕಳೆದುಹೋಯಿತೆಂದು ಬರೆದಿಡುವವರು ಯಾರು? ಹಳೆಯ ಗೆಳೆಯರು ಜಾಗ ತೋರಿಸಹೋದರೆ ಒಬ್ಬನ ಬೆರಳು ಮೊಬೈಲ್ ಅಂಗಡಿಯತ್ತ, ಇನ್ನೊಬ್ಬನದು ಕಲ್ಯಾಣ ಮಂಟಪದತ್ತ. ಇಬ್ಬರದೂ ಸರಿಯಿರಬಹುದು.

ಬನದ ಹುಣ್ಣಿಮೆಯಿಂದ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಈಗಲೂ ಹಲವು ಕಂಪನಿಗಳು ಥೇಟರು ಹಾಕುತ್ತವೆ. ಗದಗಿನಿಂದ ಹೋದ ಹಿರಿಯರು ಕುರ್ಚಿಯಲ್ಲಿ ಕೂತು, ಹಾಸ್ಯ ಹದಗೆಟ್ಟಿತೆಂದು ಗೊಣಗುತ್ತಾರೆ. ಅವರ ಅಪ್ಪಂದಿರೂ ಇದನ್ನೇ ಗೊಣಗುತ್ತಿದ್ದರು. ಆಟ ಮುಗಿಯುವ ಮುಂಚೆ ಅವರೂ ಎದ್ದು ಹೋದವರಲ್ಲ.