ತೊಗಲು ಹೊದ್ದ ಕಾದಂಬರಿ

ಪುಸ್ತಕ ಇರುವುದು ಓದಲಿಕ್ಕೆ ಎಂಬ ಮೂಢನಂಬಿಕೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಮುತ್ತ ಇನ್ನೂ ಪೂರ್ತಿ ಅಳಿದಿಲ್ಲ. ಒಬ್ಬ ಓದಿ ಇನ್ನೊಬ್ಬನಿಗೆ ಕೊಡಬೇಕು, ಅವನು ಮರಳಿ ಕೊಡಬಾರದು, ಕೊನೆಗೆ ಅದು ರದ್ದಿಗೆ ಹೋಗಿ ಚುರುಮುರಿ ಪೊಟ್ಟಣವಾಗಬೇಕು. ಪುಸ್ತಕದ ಸದ್ಗತಿ ಎಂದರೆ ಅದೇ. ಹೀಗಿರುವ ಊರಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿ ರಜೆಗೆ ಬರುವಾಗ ಒಂದು ಪೆಟ್ಟಿಗೆ ತಂದ. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ತೆಳು ಕಾಗದ, ಅದರೊಳಗೆ ತೊಗಲಿನ ರಟ್ಟಿನ ಇಂಗ್ಲಿಷ್ ಕಾದಂಬರಿ. ಸೀಸದ ಮೊಳೆ ಜೋಡಿಸಿ ಅಚ್ಚು ಹಾಕಿದ್ದಂತೆ, ಕೈಯಿಂದಲೇ ಹೊಲಿದು ಕಟ್ಟಿದ್ದಂತೆ. ಇಡೀ ಜಗತ್ತಿಗೆ ಮುನ್ನೂರೇ ಪ್ರತಿ, ಇವನದು ನೂರಾ ಎಂಬತ್ತೇಳನೆಯದು. ಬೆಲೆ ಕೇಳಿದೆ. ಆ ರೊಕ್ಕಕ್ಕೆ ಹಿಂಡುವ ಎಮ್ಮೆ ಬರುತ್ತಿತ್ತು.

“ಓದಿ ಮುಗಿಸಿಯೇನೋ?” ಎಂದೆ.

“ಹಂಗ ಪೂರಾ ತೆರೀಬಾರದು ಮಾಮಾ, ಬೆನ್ನು ಸೀಳತೈತಿ. ಓದಾಕ ಮೊಬೈಲಿನ್ಯಾಗ ಬ್ಯಾರೆ ಐತಿ.”

ನಮ್ಮ ಅವ್ವನ ಕಣ್ಣು ಮಂಜಾಗಿದೆ, ಮೂಗು ಮಾತ್ರ ಚುರುಕು. ಒಳಗಿನಿಂದಲೇ ಕೇಳಿದಳು: “ಪಡಸಾಲ್ಯಾಗ ಹೊಸಾ ಚಪ್ಪಲಿ ಯಾರ ಬಿಟ್ಟೀರಿ?” ಚಪ್ಪಲಿಯಲ್ಲ, ಪುಸ್ತಕ ಎಂದು ತಿಳಿದಾಗ ಆಕೆಗೆ ಇನ್ನೂ ಗಾಬರಿ. ಪುಸ್ತಕವೆಂದರೆ ಸರಸ್ವತಿ, ತೊಗಲೆಂದರೆ ಹೊಸ್ತಿಲಾಚೆ. ಎರಡೂ ಒಂದೇ ರಟ್ಟಿನಲ್ಲಿ ಬಂದರೆ ಏನು ಗತಿ? “ಇದಕ್ಕ ಕಾಲ ತಗಲಿದ್ರ ಕಣ್ಣಿಗೆ ಒತ್ತಿಕೊಳ್ಳೂದೋ, ಕಾಲ ತೊಳಕೊಳ್ಳೂದೋ?” ಇಂಥ ಪ್ರಶ್ನೆಗೆ ಪುಸ್ತಕದ ಜೊತೆ ಪ್ರಕಾಶಕರು ಕೊಟ್ಟ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಅವನು ಮೊಬೈಲು ನೋಡಿ, ಅದು ಆಡಿನ ತೊಗಲೆಂದೂ ಇಂಥ ರಟ್ಟಿಗೆ ನೈಜೀರಿಯಾದ ಆಡೇ ಶ್ರೇಷ್ಠವೆಂದೂ ವರದಿ ಒಪ್ಪಿಸಿದ. ಅವ್ವ ಸ್ವಲ್ಪ ಹೊತ್ತು ಯೋಚಿಸಿ ತೀರ್ಪು ಕೊಟ್ಟಳು: “ಆಡಿಂದಾದ್ರ ಇರಲಿ ಬಿಡು. ತಬಲಾಕ್ಕೂ ಅದನ್ನ ಹಾಕಿರತಾರ. ಅದನ್ನ ದೇವರ ಮುಂದ ಇಟ್ಟು ಭಜನಿ ಮಾಡಂಗಿಲ್ಲೇನು?”

ತೊಗಲೇನು ನಮ್ಮ ಸೀಮೆಗೆ ಹೊಸದಲ್ಲ. ಕೊಲ್ಲಾಪುರಿ ಚಪ್ಪಲಿಯ ಹೆಸರು ಕೊಲ್ಲಾಪುರಕ್ಕೆ ಹೋದರೂ 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬಾಗಲಕೋಟೆಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುವ ಆ ಕಸುಬಿನ ಜಾತಿಯದೇ ಅಳಿಯನ ಪುಸ್ತಕದ ತೊಗಲೂ. ಗಿಡಮರದ ರಸದಲ್ಲಿ ಹದ ಮಾಡಿದ್ದು ಎಂದು ಕೈಪಿಡಿಯಲ್ಲಿ ಅದಕ್ಕೇ ಒಂದು ಪುಟ ಮೀಸಲಿತ್ತು. ಹರಳಯ್ಯ ದಂಪತಿ ಮಾಡಿಕೊಟ್ಟ ಪಾದರಕ್ಷೆಯನ್ನು ಬಸವಣ್ಣ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೊರೆಸಿಕೊಂಡು ಬರುವ ನಾವೇ, ಮನೆಗೆ ಬಂದು ಚಪ್ಪಲಿ ಹೊಲಿಯುವವನನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಮಾತಾಡಿಸುತ್ತೇವೆ. ತೊಗಲು ಮೇಲೇರಬೇಕಾದರೆ ಅದು ಇಂಗ್ಲಿಷ್ ಕಾದಂಬರಿಯ ರಟ್ಟಾಗಿ, ಚಿನ್ನದ ಅಕ್ಷರ ಹೊಡೆಸಿಕೊಂಡು, ಕೊರಿಯರ್‌ನಲ್ಲಿ ಬರಬೇಕು.

ಪುಸ್ತಕ ನೋಡಲು ಬಂದವರಲ್ಲಿ ನಿಜವಾಗಿ ನೋಡಿದವರು ಪಕ್ಕದ ಮನೆಯ ಕಾಕಾ ಒಬ್ಬರೇ. ಛಾಪಖಾನೆಗಳಲ್ಲಿ ಟ್ರೆಡಲ್ ಮಷಿನ್ ಇದ್ದ ಕಾಲದಲ್ಲಿ ಅವರು ಮೊಳೆ ಜೋಡಿಸುವ ಕಂಪೋಜಿಟರ್. ಅವರು ಮೊದಲ ಪುಟ ನೋಡಲಿಲ್ಲ. ಒಂದು ಹಾಳೆ ಎತ್ತಿ, ಅದರ ಬೆನ್ನಿಗೆ ಕಣ್ಣು ಮುಚ್ಚಿ ಬೆರಳಾಡಿಸಿದರು. ಅಕ್ಷರಗಳು ಕಾಗದದೊಳಗೆ ಇಳಿದು ಹಿಂದೆ ಉಬ್ಬಿದ್ದವು.

“ನೋಡ್ರಿ ಕಾಕಾ, ಹೆಂಗ ಒತ್ತೇತಿ! ಇದಕ್ಕ ರೊಕ್ಕ,” ಎಂದ ಅಳಿಯ.

“ನಾ ಹಿಂಗ ಒತ್ತಿದ್ರ ಮಾಲಕ ನನ್ನ ಪಗಾರದಾಗ ಮುರಕೋತಿದ್ದ,” ಎಂದರು ಕಾಕಾ. “ಮೊಳಿ ಸವದು ಹೊಕ್ಕಾವ.”

ಕಾಕಾ ಹೇಳಿದ್ದು ಸರಿಯೇ. ಮೊಳೆ ಕಾಗದವನ್ನು ಮುಟ್ಟಿಯೂ ಮುಟ್ಟದಂತೆ ಮಸಿ ಬಿಟ್ಟು ಬರಬೇಕು ಎಂಬುದು ಹಳೆಯ ಮುದ್ರಕರ ಮಾನ. ಎಲ್ಲೋ ಒಂದು ಅಕ್ಷರ ಮಂದವಾದರೆ ಅಷ್ಟೇ ಜಾಗಕ್ಕೆ ಹಿಂದಿನಿಂದ ಚೂರು ಕಾಗದ ಅಂಟಿಸಿ, ಮತ್ತೆ ಒಂದು ಪ್ರತಿ ತೆಗೆದು, ಮತ್ತೆ ಅಂಟಿಸಿ ಸರಿದೂಗಿಸುತ್ತಿದ್ದರು. ಅದೂ ಕನ್ನಡದಲ್ಲಿ! ಇಂಗ್ಲಿಷಿನವನು ಇಪ್ಪತ್ತಾರು ಅಕ್ಷರಗಳನ್ನು ದೊಡ್ಡದು ಚಿಕ್ಕದು ಮಾಡಿಕೊಂಡು ಸಂಸಾರ ಸಾಗಿಸುತ್ತಾನೆ. ನಮ್ಮ ಕಂಪೋಜಿಟರ್‌ಗೆ ಕಾಗುಣಿತ, ಒತ್ತಕ್ಷರ ಎಂದು ನೂರಾರು ಮನೆ. ಮದುವೆ ಸೀಜನ್ನಿನಲ್ಲಿ ‘ಶ್ರೀ’ ಮೊಳೆಗೆ ಬರ ಬಿದ್ದು, ಬೀಗರ ಕಡೆಯ ಹಿರಿಯರೊಬ್ಬರನ್ನು ಬೇರೆ ಸೈಜಿನ ಶ್ರೀಯಲ್ಲಿ ಕೂಡಿಸಿ ಕಾಕಾ ಒಂದು ಮದುವೆಯನ್ನೇ ಅಲ್ಲಾಡಿಸಿದ್ದರಂತೆ. ಡಿಟಿಪಿ ಬಂದ ಮೇಲೆ ಅವರ ಮೊಳೆಗಳೆಲ್ಲ ಸೀಸದ ತೂಕಕ್ಕೆ ಹೋದವು. ಹಾಳೆಯ ಅಂಚು ಹರಿದಂತೆ ಚಿಂದಿಚಿಂದಿ ಇದ್ದದ್ದನ್ನೂ ಕಾಕಾ ಗಮನಿಸಿದರು. ಅದೂ ಬೇಕೆಂತಲೇ ಬಿಟ್ಟದ್ದು, ಅದಕ್ಕೂ ರೊಕ್ಕ ಎಂದಾಗ ಅವರು ಎದ್ದು ಚಹಾ ಕುಡಿಯಲು ಹೋದರು.

ಕೈಯಿಂದ ಹೊಲಿದ ಪುಸ್ತಕವನ್ನು ಅಂಜಿಕೆಯಿಂದ ಕಾಯುವುದೇ ನಿಜವಾದ ಕಸುಬಾದರೆ, ಅದರಲ್ಲಿ ಬೀಳಗಿಯ ನಮ್ಮ ಬೀಗರನ್ನು ಯಾರೂ ಮೀರಿಸಲಾರರು. ಆಲಮಟ್ಟಿ ಹಿನ್ನೀರಿಗೆ ಹಳ್ಳಿ ಖಾಲಿ ಮಾಡುವಾಗ ಅವರಪ್ಪ ಮೊದಲು ಹೊರಗೆ ತಂದದ್ದು ದೇವರ ಜಗಲಿಯನ್ನಲ್ಲ, ಕೆಂಪು ಅರಿವೆಯ ರಟ್ಟಿನ ಕಿರ್ದಿ ಪುಸ್ತಕವನ್ನು. ಇದ್ದದ್ದು ಒಂದೇ ಪ್ರತಿ. ಕೈಬರಹ. ದೀಪಾವಳಿಯಲ್ಲಿ ಅರಿಷಿಣ-ಕುಂಕುಮ. ಊರಿನ ಎಲ್ಲರ ಹೆಸರೂ ಅದರಲ್ಲಿ ಪಾತ್ರವಾಗಿ ಬರುತ್ತವೆ, ಬಡ್ಡಿ ಮಾತ್ರ ಕಥಾನಾಯಕ, ಮುಕ್ತಾಯ ಸಾಮಾನ್ಯವಾಗಿ ದುಃಖಾಂತ. ಇದೇ ಬೀಗರು ನೂರಾ ಎಂಬತ್ತೇಳನೆಯ ಪ್ರತಿಯ ಮೇಲೆ ಚಹಾದ ಬಟ್ಟಲಿಟ್ಟು, “ಒಳಗ ಯಾರ್ದೂ ಲೆಕ್ಕ ಇಲ್ಲಲಾ?” ಎಂದು ಖಾತ್ರಿ ಮಾಡಿಕೊಂಡರು. ಅಳಿಯನ ಮುಖ ನೋಡುವಂತಿತ್ತು. ಬಿದ್ದ ಉಂಗುರದ ಕಲೆಗೆ ಅವ್ವ ಕುಸುಬಿ ಎಣ್ಣೆ ಹಚ್ಚಲು ಹೊರಟಿದ್ದನ್ನು ನಾವು ತಡೆದೆವು.

ಮಿತ ಪ್ರತಿಯ ಹುಚ್ಚನ್ನು ಇಂಗ್ಲೆಂಡಿನ ವಿಲಿಯಂ ಮಾರಿಸ್ ದೊಡ್ಡದಾಗಿ ಹಚ್ಚಿದ ಎನ್ನುತ್ತಾರೆ. 1896ರಲ್ಲಿ ಅವನ ಕೆಲ್ಮ್‌ಸ್ಕಾಟ್ ಪ್ರೆಸ್ಸಿನಿಂದ ಬಂದ ಚಾಸರ್ ಕವಿಯ ಸಂಪುಟ ಕಾಗದದ ಮೇಲೆ 425, ತೊಗಲ ಹಾಳೆಯ ಮೇಲೆ 13 ಪ್ರತಿ. ಅದಕ್ಕೂ ಒಂಬತ್ತು ನೂರು ವರ್ಷ ಮೊದಲು ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಪುಕ್ಕಟೆ ಹಂಚಿದಳು. ಒಂದಕ್ಕೂ ನಂಬರ್ ಹಾಕಿಸಲಿಲ್ಲ. ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣ ಬರೆದವನು ನಮ್ಮ ಮುಧೋಳದ ಬಳೆಗಾರರ ಮಗ ರನ್ನ. ಈಚಿನ ಕಾಲಕ್ಕೆ ಬಂದರೂ ಅಷ್ಟೇ: ವಿಜಯಪುರದ ಫ. ಗು. ಹಳಕಟ್ಟಿಯವರು ವಚನ ಅಚ್ಚು ಹಾಕಲು ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಗಳಗನಾಥರು ತಾವೇ ಬರೆದ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಇವರ ಕಡೆ ಮಿತವಾಗಿದ್ದದ್ದು ರೊಕ್ಕ, ಪ್ರತಿಯಲ್ಲ.

ಇದನ್ನೆಲ್ಲ ನಾನು ಅಳಿಯನ ತಲೆ ನೆಟ್ಟಗಾಗಲಿ ಎಂದು ಹೇಳಿದೆ. ಅವನಿಗೆ ಅದರಲ್ಲಿ ಧಂದೆ ಕಂಡಿತು. ಗಳಗನಾಥರು ತೀರಿಕೊಂಡದ್ದು 1942ರಲ್ಲಿ, ಅರವತ್ತು ವರ್ಷ ದಾಟಿದ್ದರಿಂದ ಹಕ್ಕಿನ ತಕರಾರಿಲ್ಲ. ಅವರ ‘ಮಾಧವ ಕರುಣಾವಿಲಾಸ’ವನ್ನು ಮೊಳೆ ಜೋಡಿಸಿ ಮುದ್ರಿಸುವುದು, ಬೆನ್ನಿಗೆ ಚಪ್ಪಲಿ ತೊಗಲು, ರಟ್ಟಿಗೆ ಬನಹಟ್ಟಿ ಸೀರೆ! ಸೀರೆಯ ಉಪಾಯವೇನೂ ಅವನ ತಲೆಯದಲ್ಲ. ಕೋಲ್ಕತ್ತಾದಲ್ಲಿ ಪಿ. ಲಾಲ್ 1958ರಲ್ಲಿ ಶುರುಮಾಡಿದ ರೈಟರ್ಸ್ ವರ್ಕ್‌ಶಾಪ್ ತನ್ನ ಪುಸ್ತಕಗಳಿಗೆ ಕೈಮಗ್ಗದ ಸೀರೆಯನ್ನೇ ಉಡಿಸಿತು. ನಾವು ಬನಹಟ್ಟಿಗೆ ಹೋಗಿ ಮಗ್ಗದವರ ಮುಂದೆ ವಿಷಯ ಇಟ್ಟೆವು. ಅವರು ಸೀರೆಯ ದಡಿ ಸವರುತ್ತಾ, “ಸೀರಿ ತುಂಡ ಮಾಡಿ ಪುಸ್ತಕಕ್ಕ ಹಚ್ಚತೀರಿ, ಮಾರಾಟ ಆಗದಿದ್ರ ವಾಪಸ್ ತರಬ್ಯಾಡ್ರಿ ಮತ್ತ,” ಎಂದರು. ನನಗೆ ಮಾತ್ರ ತೊಗಲಿಗಿಂತ ಆ ಸೀರೆಯ ರಟ್ಟೇ ಹಿಡಿಸಿತು. ಕಾಲು ತಗಲಿದರೆ ಕಣ್ಣಿಗೆ ಒತ್ತಿಕೊಳ್ಳಲು ಅಡ್ಡಿಯಿಲ್ಲ.

ನೂರಾ ಒಂದು ಪ್ರತಿ ಎಂದು ನಿಶ್ಚಯವಾಯಿತು. ತೊಡಕು ಬಂದದ್ದು ನಂಬರಿನಲ್ಲಿ. ಮುಧೋಳದ ‘ರನ್ನ ವೈಭವ’ ಉತ್ಸವದಲ್ಲಿ ಬಿಡುಗಡೆ ಎಂದಿಟ್ಟುಕೊಳ್ಳಿ, ವೇದಿಕೆಯ ಮೇಲಿದ್ದವರಿಗೆಲ್ಲ ಗೌರವ ಪ್ರತಿ ಕೊಡಬೇಕು, ನಮ್ಮ ಕಡೆ ವೇದಿಕೆಯ ಕೆಳಗೆ ಉಳಿಯುವವರೇ ಕಡಿಮೆ. ಒಂದನೆಯ ಪ್ರತಿ ಸ್ವಾಮಿಗಳಿಗೆ ಎಂದರೆ ಯಾವ ಮಠದ ಸ್ವಾಮಿಗಳಿಗೆ? ಶಾಸಕರಿಗೆ ಎರಡನೆಯದು ಕೊಟ್ಟರೆ ಚುನಾವಣೆಯ ವರ್ಷದಲ್ಲಿ ಅದು ಅಪಶಕುನ. ಸಕ್ಕರೆ ಕಾರ್ಖಾನೆಯ ಅಧ್ಯಕ್ಷರು ಮೂರನೆಯದನ್ನು ಮುಟ್ಟುವುದೇ ಇಲ್ಲ. ಮೇಲಾಗಿ ಬೀಗರು. ಅಳಿಯ ಪಟ್ಟಿ ಬರೆಯುತ್ತಾ ಬರೆಯುತ್ತಾ ಬೆವರಿದ. ಕಾಕಾ ಮನೆಗೆ ಹೋಗಿ, ಒಂದು ಕಾಲದಲ್ಲಿ ಪಾವತಿ ಪುಸ್ತಕಕ್ಕೆ ನಂಬರ್ ಹೊಡೆಯುತ್ತಿದ್ದ ಪುಟ್ಟ ಮಷಿನ್ನನ್ನು ಅರಿವೆಯಲ್ಲಿ ಸುತ್ತಿಕೊಂಡು ತಂದರು.

“ಚಿಂತಿ ಬಿಡು ತಮ್ಮಾ,” ಎಂದರು. “ಇದು ಜಾಮ್ ಆಗಿ ಒಂದರ ಮ್ಯಾಲೆ ನಿಂತೇತಿ. ಎಷ್ಟ ಹೊಡದ್ರೂ ಮುಂದ ಹೋಗಂಗಿಲ್ಲ.”