ಟಿಕೆಟ್ ತೆಗೆದು ಗದ್ದೆಗೆ

ಗದ್ದೆ ನೋಡುವ ವಸ್ತುವಲ್ಲ ಎಂದು ತಿಳಿದೇ ನಾನು ಬೆಳೆದವಳು. ನಮ್ಮ ಶಿರಸಿ ಸೀಮೆಯಲ್ಲಿ ಮಳೆಗಾಲದಲ್ಲಿ ಯಾರಾದರೂ ಅಂಚಿನ ಮೇಲೆ ಸುಮ್ಮನೆ ನಿಂತು ಗದ್ದೆ ನೋಡುತ್ತಿದ್ದಾರೆಂದರೆ ಒಂದೋ ಅಂಚು ಒಡೆದಿರಬೇಕು, ಇಲ್ಲವೇ ಮೇಲಿನವನು ನೀರು ಕಟ್ಟಿರಬೇಕು. ಕಣ್ಣು ತಂಪು ಮಾಡಿಕೊಳ್ಳಲು ಗದ್ದೆಗೆ ಹೋದವರನ್ನು ನಾನು ಕಂಡಿಲ್ಲ. ಹಾಗಾಗಿ ಮನಿಲಾದಲ್ಲಿ ಕೆಲಸಕ್ಕಿರುವ ಮಗ, ನಾನು ಅವನಲ್ಲಿಗೆ ಹೋಗಿದ್ದಾಗ, ಜುಲೈ ತಿಂಗಳ ಧೋ ಮಳೆಯಲ್ಲಿ, ‘ಆಯಿ, ಗದ್ದೆ ನೋಡಲೆ ಹೋಪನ’ ಎಂದಾಗ ಮೊದಲು ಅವನ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ.

ಅವನು ಕಿಸೆಯಿಂದ 20 ಪೆಸೊ ನೋಟು ತೆಗೆದು ಬೆನ್ನು ತಿರುಗಿಸಿ ತೋರಿಸಿದ. ಅದರ ಮೇಲೆ ಬನಾವೆಯ ಮೆಟ್ಟಿಲುಗದ್ದೆಗಳ ಚಿತ್ರ, ಪಕ್ಕದಲ್ಲಿ ಒಂದು ಪುನುಗುಬೆಕ್ಕು. ‘ಇಲ್ಲೇ ಕಂಡಿತಲ್ಲ, ಇನ್ನು ಹೋಗುವುದು ಯಾಕೆ?’ ಎಂದೆ. ಸೊಸೆ ನಕ್ಕಳು. ಮಗ ನಗಲಿಲ್ಲ. ಟಿಕೆಟ್ ಆಗಲೇ ತೆಗೆದಾಗಿತ್ತು, ಅಂಥ ನೋಟುಗಳ ಒಂದು ಕಂತೆಯನ್ನೇ ಕೊಟ್ಟು.

ಮನಿಲಾದಿಂದ ಬನಾವೆಗೆ ಸುಮಾರು 350 ಕಿಲೋಮೀಟರು. ರಾತ್ರಿ ಹೊರಟ ಬಸ್ಸು ಲುಜಾನ್ ದ್ವೀಪದ ಬಯಲುಸೀಮೆಯನ್ನೆಲ್ಲ ದಾಟಿ, ಘಟ್ಟ ಹತ್ತಿ, ಬೆಳಗಿನ ಚಹಾದ ಹೊತ್ತಿಗೆ ಕೊರ್ಡಿಯೆರಾ ಬೆಟ್ಟಗಳಿಗೆ ಮುಟ್ಟಿಸುತ್ತದೆ. ಆ ದೇಶದ ರಾತ್ರಿ ಬಸ್ಸುಗಳಲ್ಲಿ ಎಸಿ ಎನ್ನುವುದು ಸೌಕರ್ಯವಲ್ಲ, ವ್ರತ. ಅಲ್ಲಿಯವರಿಗೆ ಇದು ಗೊತ್ತು. ಸೆಕೆಯ ಊರಲ್ಲಿ ಬಸ್ಸು ಹತ್ತುವಾಗಲೇ ಜಾಕೆಟ್ಟು, ಉಣ್ಣೆ ಟೊಪ್ಪಿ, ಹೊದಿಕೆ ಎಲ್ಲ ಧರಿಸಿ ಕೂತಿದ್ದರು. ನನ್ನ ಹತ್ತಿರ ಕಂಬಳಿಯಿತ್ತು. ಉಪ್ಪಿನಕಾಯಿ ಭರಣಿ ವಿಮಾನದಲ್ಲಿ ಒಡೆಯದಿರಲೆಂದು ಊರಿನಿಂದ ಸುತ್ತಿ ತಂದದ್ದು. ಅದನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡೆ. ಮಗ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದ. ನಡುರಾತ್ರಿಯ ಹೊತ್ತಿಗೆ ನಾಚಿಕೆ ಬಿಟ್ಟು ಕೊಪ್ಪೆಯ ಅರ್ಧದೊಳಗೆ ಬಂದ. ಸೊಸೆ ಮೊದಲೇ ಬಂದಿದ್ದಳು.

ಬನಾವೆಯಲ್ಲಿ ಇಳಿದರೆ ಮಳೆ ನಿಂತಿತ್ತು. ಅಲ್ಲಿಯ ಮಳೆಗಾಲಕ್ಕೆ ಒಂದು ಶಿಸ್ತಿದೆ: ಚಂಡಮಾರುತದ ಗಲಾಟೆ ಇಲ್ಲದಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ಬಿಡುವು, ಮಧ್ಯಾಹ್ನದ ಮೇಲೆ ಕೆಲಸ. ನಮ್ಮ ಮಳೆಗೆ ಈ ಸರ್ಕಾರಿ ವೇಳಾಪಟ್ಟಿ ಗೊತ್ತಿಲ್ಲ. ನೋಟಿನಲ್ಲಿ ಕಂಡ ಗದ್ದೆಗಳು ನೋಟಿಗಿಂತ ದೊಡ್ಡದಾಗಿ ಎದುರಿಗೆ ನಿಂತಿದ್ದವು. ನಡುನಡುವೆ ತಗಡಿನ ಮನೆಗಳು. ಇಲ್ಲೊಂದು ತಮಾಷೆ ಇದೆ. ಫಿಲಿಪೀನ್ಸ್ ಸರ್ಕಾರ ಈ ಗದ್ದೆಗಳನ್ನು 1973ರಲ್ಲೇ ರಾಷ್ಟ್ರೀಯ ಸಾಂಸ್ಕೃತಿಕ ಸಂಪತ್ತು ಎಂದಿತು. ಊರಿನವರು ಪ್ರಪಂಚದ ಎಂಟನೆಯ ಅದ್ಭುತ ಎನ್ನುತ್ತಾರೆ. ಆದರೆ 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ಇಫುಗಾವೊ ಪ್ರಾಂತದ ಬೇರೆ ಐದು ಕಡೆಯ ಗದ್ದೆಗಳನ್ನು. ಎದುರಿಗೆ ಕಾಣುವ ಇವು ಅದರಲ್ಲಿಲ್ಲ. ಹೊಸ ಕಟ್ಟಡಗಳು ಹೆಚ್ಚಾದವಂತೆ. ನೋಟಿನ ಮೇಲೆ ಫೋಟೊ ಒಬ್ಬರದು, ಸನ್ಮಾನದ ಶಾಲು ಇನ್ನೊಬ್ಬರಿಗೆ. ಸಾಹಿತ್ಯ ಸಮ್ಮೇಳನಗಳನ್ನು ನೋಡಿದ ನಮಗೆ ಇದೇನೂ ಹೊಸತಲ್ಲ.

ನೋಟದ ಜಾಗದಲ್ಲಿ ಕೆಲವು ಮುದುಕ ಮುದುಕಿಯರು ಕೆಂಪು ಪಟ್ಟೆಯ ನೇಯ್ಗೆಯುಟ್ಟು, ತಲೆಗೆ ಗರಿ ಸಿಕ್ಕಿಸಿ ಕೂತಿದ್ದರು. ಜತೆಗೆ ಫೋಟೊ ತೆಗೆಸಿಕೊಂಡರೆ ಅವರಿಗೆ ಕಾಸು. ಅವರಲ್ಲೊಬ್ಬ ಅಜ್ಜಿ ನನ್ನ ಇಳಕಲ್ ಸೀರೆಯನ್ನೇ ನೋಡುತ್ತಿದ್ದಳು. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಬಾಯಿ ಕೆಂಪಗಿತ್ತು!

ಓದುಗರು ನನ್ನ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಬೇಕು. ಮಗನ ಮನೆಗೆ ಬಂದ ಲಾಗಾಯ್ತು ಕವಳ ಇಲ್ಲ. ಊರಿನಿಂದ ತಂದ ಅಡಿಕೆ ಮುಗಿದು, ಎಲೆ ಬಾಡಿ, ಆ ಹೊಳೆಯುವ ಅಪಾರ್ಟ್‌ಮೆಂಟಿನ ಹದಿನೇಳನೆಯ ಮಾಳಿಗೆಯಲ್ಲಿ ನಾಲಿಗೆ ಸಪ್ಪಗಾಗಿ ಕೂತಿದ್ದೆ. ಇಲ್ಲಿ ನೋಡಿದರೆ ಬೆಟ್ಟದ ಜನರೆಲ್ಲ ಕವಳದವರೇ! ಅಡಿಕೆ, ವೀಳ್ಯದೆಲೆ, ಸುಣ್ಣ, ಮೂರೂ ಅವೇ. ಸುಣ್ಣ ಮಾತ್ರ ಶಂಬುಕದ ಚಿಪ್ಪು ಸುಟ್ಟು ಮಾಡಿದ್ದು. ಅದೂ ನಮ್ಮ ಕರಾವಳಿಯ ಚಿಪ್ಪಿ ಸುಣ್ಣದ ದಾಯಾದಿಯೇ. ನಾನು ಕೈಸನ್ನೆ ಮಾಡಿದೆ. ಅಜ್ಜಿ ಗರಿಯ ಟೊಪ್ಪಿ ಸರಿಸಿ, ಮಡಿಲ ಚೀಲ ಬಿಚ್ಚಿ, ಹಸಿ ಅಡಿಕೆಯ ಹೋಳೊಂದನ್ನು ಎಲೆಯಲ್ಲಿಟ್ಟು ಕೊಟ್ಟಳು. ಅಗಿದೆ. ಒಣಗಿದ ಚಾಲಿ, ಮಳೆಗಾಲಕ್ಕೆ ನೀರಡಿಕೆ ತಿಂದು ರೂಢಿಯಾದ ತಲೆಗೆ ಆ ಹಸಿ ಹೋಳು ಸರಿಯಾಗಿ ಸೊಕ್ಕಿತು. ಕಿವಿ ಬಿಸಿಯಾಗಿ, ಹಣೆ ಬೆವರಿ, ಎದುರಿನ ಮೆಟ್ಟಿಲುಗದ್ದೆಗಳೆಲ್ಲ ನಿಧಾನವಾಗಿ ಒಂದು ಸುತ್ತು ತಿರುಗಿ ಮತ್ತೆ ತಮ್ಮ ಜಾಗಕ್ಕೆ ಬಂದು ನಿಂತವು. ಎಂಟನೆಯ ಅದ್ಭುತ ಎಂಬುದನ್ನು ನಾನು ಒಪ್ಪಿದ್ದು ಆಗಲೇ. ಅಜ್ಜಿ ನನ್ನ ಬೆನ್ನು ಸವರಿ ಬಿದ್ದು ಬಿದ್ದು ನಕ್ಕಳು. ಸುಧಾರಿಸಿಕೊಂಡ ಮೇಲೆ ನಾನು ಮಗನ ಬಾಯಿಂದ ಕೇಳಿಸಿದ ಮೊದಲ ಪ್ರಶ್ನೆ ‘ಕ್ವಿಂಟಲಿಗೆ ಎಷ್ಟು?’ ಎಂಬುದು. ಅಲ್ಲಿ ಕ್ವಿಂಟಲಿನ ಲೆಕ್ಕವಿಲ್ಲ, ಪೊಟ್ಟಣದ ಲೆಕ್ಕ. ಇಲ್ಲಿ ಉಗುಳಬೇಡಿ ಎಂಬ ಬೋರ್ಡುಗಳು ಮಾತ್ರ ಬೇಕಾದಷ್ಟಿದ್ದವು. ಅವುಗಳ ಮೇಲೂ ಕೆಂಪು ಕಲೆ ಕಂಡು ಊರಿನ ಬಸ್‌ಸ್ಟ್ಯಾಂಡ್ ನೆನಪಾಯಿತು.

ಬತಾದ್ ಎಂಬ ಹಳ್ಳಿ ಯುನೆಸ್ಕೊ ಪಟ್ಟಿಯಲ್ಲಿದೆ. ಅಲ್ಲಿಗೆ ಜೀಪ್ನಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ನರು ಬಿಟ್ಟುಹೋದ ಜೀಪುಗಳನ್ನು ಎಳೆದು ಉದ್ದ ಮಾಡಿ, ಬಣ್ಣ ಬಳಿದು, ದೇವರ ಹೆಸರು ಬರೆದು ಹುಟ್ಟಿಸಿದ ವಾಹನ ಅದು. ದಾರಿಯಲ್ಲಿ ಗುಡ್ಡ ಕುಸಿದು ರಸ್ತೆಯ ಅರ್ಧಕ್ಕೆ ಮಣ್ಣು ಬಿದ್ದಿತ್ತು. ಯಂತ್ರವೊಂದು ಅದನ್ನು ಕಣಿವೆಗೆ ನೂಕುತ್ತಿತ್ತು. ವಿದೇಶಿ ಪ್ರವಾಸಿಗರು ಗಾಬರಿಯಿಂದ ಫೋನು ಹಿಡಿದು ನಿಂತರು. ಪ್ರತಿ ಮಳೆಗಾಲದಲ್ಲೂ ‘ದೇವಿಮನೆ ಘಟ್ಟ ಬಂದ್’ ಎಂಬ ಸುದ್ದಿ ಓದಿಯೇ ಚಹಾ ಕುಡಿಯುವ ನಾನು ಮಾತ್ರ ಆರಾಮಾಗಿ ಕೂತು ಬಾಳೆಹಣ್ಣು ತಿಂದೆ. ರಸ್ತೆ ಮುಗಿದಲ್ಲಿಂದ ಮುಂದೆ ನಡಿಗೆ.

ಆ ಗದ್ದೆಗಳನ್ನು ನಾನು ವರ್ಣಿಸುವುದಿಲ್ಲ. ಬೆಟ್ಟದ ಬುಡದಿಂದ ನೆತ್ತಿಯವರೆಗೆ ಅರ್ಧಚಂದ್ರಾಕಾರದಲ್ಲಿ ಕಲ್ಲಿನ ಕಟ್ಟೆ, ಕಟ್ಟೆ, ಕಟ್ಟೆ. ಕಟ್ಟೆಯ ಮೇಲೆ ಭತ್ತ ಬಂಗಾರವಾಗಿ ಬಾಗಿತ್ತು. ಜುಲೈಯಲ್ಲಿ ನಮ್ಮಲ್ಲಿ ನಟ್ಟಿ, ಅವರಲ್ಲಿ ಕೊಯ್ಲು. ಮಳೆಯ ನಡುವೆ ಕೊಯ್ಲು ಇಟ್ಟುಕೊಂಡವರ ಧೈರ್ಯಕ್ಕೆ ಕೈಮುಗಿಯಬೇಕು. ಹೆಂಗಸರು ಸಣ್ಣ ಕತ್ತಿಯಲ್ಲಿ ತೆನೆ ತೆನೆಯಾಗಿ ಕೊಯ್ದು ಕಟ್ಟು ಕಟ್ಟುತ್ತಿದ್ದರು. ಗಂಡಸರು ಕೋಲಿನ ಎರಡು ತುದಿಗೂ ಕಟ್ಟುಗಳನ್ನು ಸಿಕ್ಕಿಸಿ, ಹೆಗಲೇರಿಸಿ, ಒಂದು ಅಡಿ ಅಗಲದ ಅಂಚಿನ ಮೇಲೆ ಸರಸರ ಹೋಗುತ್ತಿದ್ದರು. ಒಂದು ಕಡೆ ಕೆಸರುಗದ್ದೆ, ಇನ್ನೊಂದು ಕಡೆ ಎರಡಾಳು ಆಳ. ಮಗ ಈ ಅಂಚಿಗಾಗಿಯೇ ದುಬಾರಿ ಬೂಟು ಕೊಂಡಿದ್ದ. ಜಾರದಂತೆ ಜಪಾನಿನ ರಬ್ಬರು, ನೀರು ಒಳಗೆ ಹೋಗದ ಬಟ್ಟೆ. ಬೂಟು ಮಾತು ಉಳಿಸಿಕೊಂಡಿತು: ಮಗ ಮೊಣಕಾಲುಮಟ್ಟ ಕೆಸರಿಗೆ ಇಳಿದ ಮೇಲೆ ಒಳಗೆ ಹೋದ ನೀರು ಹೊರಗೆ ಬರಲೇ ಇಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ, ಹೆಬ್ಬೆರಳು ಊರಿ ನಡೆದೆ. ಮಾರ್ಗದರ್ಶಿ ಹಿಂತಿರುಗಿ ನೋಡಿ, ಮಗನನ್ನು ಬಿಟ್ಟು, ನನ್ನ ಕೈಯಿಂದ ಚೀಲ ತೆಗೆದುಕೊಂಡ. ಅದು ಗೌರವ. ಮಗನಿಗೆ ಅವನು ಕೊಟ್ಟದ್ದು ಕೋಲು.

ಈ ಗದ್ದೆಗಳಿಗೆ ಎರಡು ಸಾವಿರ ವರ್ಷ ಎಂದು ಮಾರ್ಗದರ್ಶಿ ಹೇಳಿದ. ಸೊಸೆ ಫೋನಿನಲ್ಲಿ ಓದಿ ತಕರಾರು ತೆಗೆದಳು. ಎರಡು ಮೂರು ಸಾವಿರ ವರ್ಷದ ಲೆಕ್ಕ ಹಿಂದಿನ ಕಾಲದ ಮಾನವಶಾಸ್ತ್ರಜ್ಞ ಓಟ್ಲಿ ಬೇಯರ್ ಅವರದಂತೆ. ಇತ್ತೀಚೆಗೆ ಅಗೆದು ನೋಡಿದ ಸ್ಟೀಫನ್ ಅಕಬಾಡೊ ಎಂಬ ಪುರಾತತ್ವಜ್ಞರು, ಸ್ಪ್ಯಾನಿಷರು ಬಂದ ಮೇಲೆ ಬೆಟ್ಟಕ್ಕೆ ಸರಿದ ಜನ ಕಟ್ಟಿದ್ದು, ಸುಮಾರು ನಾನೂರು ವರ್ಷ ಎನ್ನುತ್ತಾರಂತೆ. ಇಬ್ಬರೂ ನನ್ನ ಮುಖ ನೋಡಿದರು. ಎರಡು ಸಾವಿರವಾದರೂ ಇರಲಿ, ನಾನೂರಾದರೂ ಇರಲಿ, ಅಗೋ ಅಲ್ಲಿ ಕುಸಿದಿರುವ ಕಟ್ಟೆಯನ್ನು ಈ ವರ್ಷವೇ ಕಟ್ಟಬೇಕು ಎಂದೆ. ಮಾರ್ಗದರ್ಶಿಗೆ ಇಷ್ಟು ಸಂತೋಷವಾದದ್ದನ್ನು ನಾನು ಮತ್ತೆ ನೋಡಲಿಲ್ಲ. ಮೇಲಿನವರು ನೀರು ಕಟ್ಟುತ್ತಾರೆಯೇ ಎಂದು ಕೇಳಿಸಿದೆ. ಕಟ್ಟುತ್ತಾರೆ. ಜಗಳವಾಗುತ್ತದೆಯೇ? ಆಗುತ್ತದೆ. ನನಗೂ ಸಂತೋಷವಾಯಿತು.

ಆಮೇಲೆ ನಾವಿಬ್ಬರೂ ಅಂಚು ಕೆಡುವ ಕಾರಣಗಳ ಬಗ್ಗೆ ಮಾತಾಡುತ್ತ ಮುಂದೆ ಹೋದೆವು. ಮಕ್ಕಳು ಫೋಟೊ ತೆಗೆಯುತ್ತ ಹಿಂದೆ ಉಳಿದರು. ಗದ್ದೆಯ ನೆತ್ತಿಯ ಮೇಲೆ ಮನೆ ಮನೆಗೂ ಒಂದು ಕಾಡಿನ ತುಂಡಿದೆ, ಮುಯೊಂಗ್ ಎನ್ನುತ್ತಾರೆ. ಅದು ಮಳೆ ಹಿಡಿದಿಟ್ಟರೆ ಕೆಳಗಿನ ಗದ್ದೆಗೆ ನೀರು. ನಮ್ಮ ತೋಟಿಗರಿಗೆ ಸೊಪ್ಪಿನ ಬೆಟ್ಟ ಇದ್ದ ಹಾಗೆ. ಕಾಡು ಕಡಿದರೆ ಗದ್ದೆ ಒಣಗುತ್ತದೆ. ಒಣಗಿದ ಗದ್ದೆಗೆ ಎರೆಹುಳು ಬಂದು ಕಟ್ಟೆಯೊಳಗೆ ಬಿಲ ತೋಡಿ ನೀರು ಸೋರಿಸುತ್ತದೆ. ಇಲ್ಲಿ ನಾನು ನಿಂತುಬಿಟ್ಟೆ. ರೈತನ ಮಿತ್ರ ಎಂದು ಗೋಡೆಯ ಮೇಲೆಲ್ಲ ಬರೆಸಿಕೊಂಡ ಎರೆಹುಳುವೇ? ಹೌದು, ಅದೇ, ಮೊಳದುದ್ದದ್ದು. 1980ರ ದಶಕದಲ್ಲಿ ತಿನ್ನಲೆಂದು ತಂದ ಬಂಗಾರದ ಬಣ್ಣದ ಶಂಬುಕ ಸಸಿ ಮೇಯುವುದು ಇನ್ನೊಂದು ಕಾಟ. ಯುನೆಸ್ಕೊ 2001ರಲ್ಲಿ ಈ ಗದ್ದೆಗಳನ್ನು ಅಪಾಯದ ಪಟ್ಟಿಗೆ ಹಾಕಿ 2012ರಲ್ಲಿ ತೆಗೆಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಕಾಟ ಯಾವುದು ಎಂದು ಕೇಳಿದ್ದಕ್ಕೆ ಅವನು ಹುಳುವನ್ನೂ ಹೇಳಲಿಲ್ಲ, ಶಂಬುಕವನ್ನೂ ಹೇಳಲಿಲ್ಲ. ಅವನ ಮಗಳು ಬಾಗಿಯೊ ಪೇಟೆಯಲ್ಲಿ, ಮಗ ಮನಿಲಾದಲ್ಲಿ. ನಿನ್ನ ಮಗ ಎಲ್ಲಿ ಎಂದು ಕೇಳಿದ. ಹಿಂದೆ ಬೂಟಿನಿಂದ ನೀರು ಸುರಿಯುತ್ತಿದ್ದವನನ್ನು ತೋರಿಸಿದೆ. ನಮ್ಮ ಮೇಲಿನ ಗದ್ದೆ ಹಡಿಲು ಬಿದ್ದದ್ದನ್ನು, ಕೆಳಗಿನದು ಅಡಿಕೆ ತೋಟವಾದದ್ದನ್ನು ಹೇಳುವ ಅಗತ್ಯ ಬೀಳಲಿಲ್ಲ.

ರಾತ್ರಿ ವಸತಿ ಇಫುಗಾವೊ ಮನೆಯಲ್ಲಿ. ನಾಲ್ಕು ಕಂಬ, ಮೇಲೊಂದೇ ಕೋಣೆ, ಹುಲ್ಲಿನ ಮಾಡು, ಕಿಟಕಿ ಇಲ್ಲ. ಪ್ರತಿ ಕಂಬದ ನೆತ್ತಿಗೂ ದುಂಡನೆಯ ಮರದ ಬಿಲ್ಲೆ ತೊಡಿಸಿದ್ದಾರೆ, ಇಲಿ ಹತ್ತಬಾರದೆಂದು. ಭತ್ತ ಕಾಯಲು ಬುಲುಲ್ ಎಂಬ ಮರದ ದೇವರೂ ಉಂಟು. ಬಿಲ್ಲೆಯನ್ನೂ ದೇವರನ್ನೂ ಒಟ್ಟಿಗೆ ಇಟ್ಟುಕೊಂಡವರ ವ್ಯವಹಾರಜ್ಞಾನ ನನಗೆ ಮೆಚ್ಚುಗೆಯಾಯಿತು. ಸಂಪ್ರದಾಯದಂತೆ ರಾತ್ರಿ ಏಣಿಯನ್ನು ಮೇಲೆಳೆದುಕೊಳ್ಳಬೇಕು. ಹೊರಗೆ ಮಳೆ ಸುರಿಯುವ ಸದ್ದು ಕೇಳುತ್ತ, ಅರವತ್ತು ದಾಟಿದವರು ಏಣಿಯಿಲ್ಲದ ಮನೆಯಲ್ಲಿ ಬೆಳಗು ಮಾಡುವುದು ಎಂಥ ತಪಸ್ಸು ಎಂದು ವಯಸ್ಸಾದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊಟಕ್ಕೆ ಮಾಂಸವಿಲ್ಲದ ಪಲ್ಯ ಹೇಳಿದ್ದೆವು. ಬಂದ ಪಲ್ಯದಲ್ಲಿ ತುಣುಕುಗಳಿದ್ದವು. ಕೇಳಿದರೆ, ‘ಸ್ವಲ್ಪವೇ ಹಾಕಿದ್ದು, ರುಚಿಗೆ’ ಎಂದು ಆ ಮನೆಯಾಕೆ ಸಂಕೋಚದಿಂದ ಹೇಳಿದಳು. ಕಡೆಗೆ ಸೀಮೆಬದನೆಯ ಕುಡಿ ಬೇಯಿಸಿ ಕೊಟ್ಟಳು. ಅನ್ನ ಮಾತ್ರ, ಆಹಾ! ತಿನಾವೊನ್ ಎಂಬ ಅವರ ನಾಟಿ ಭತ್ತ, ವರ್ಷಕ್ಕೊಂದೇ ಬೆಳೆ, ಕೆಂಪಕ್ಕಿ. ಇದೇ ಲುಜಾನ್ ದ್ವೀಪದ ಲೋಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ 1966ರಲ್ಲಿ ಹೊರಟ ಐಆರ್-8 ನಮ್ಮ ಗದ್ದೆಗೂ ಬಂದಿತ್ತು. ಫಸಲು ರಾಶಿ ಬಂತು, ಸುಳ್ಳು ಹೇಳಬಾರದು. ಆದರೆ ಹುಲ್ಲು ಗಿಡ್ಡ ಎಂದು ಎಮ್ಮೆ ಮುನಿಸಿಕೊಂಡಿತು, ಅನ್ನಕ್ಕೆ ರುಚಿಯಿಲ್ಲ ಎಂದು ಮಾವ ಮುನಿಸಿಕೊಂಡರು. ಆ ದ್ವೀಪದ ಭತ್ತ ಇಷ್ಟು ವರ್ಷದ ಮೇಲೆ ತಿನಾವೊನ್ ರೂಪದಲ್ಲಿ ರಾಜಿಗೆ ಬಂತು. ಭರಣಿಯಿಂದ ಅಪ್ಪೆಮಿಡಿ ತೆಗೆದು ಮನೆಯಾಕೆಗೂ ಬಡಿಸಿದೆ. ಅವಳು ಕಣ್ಣೀರು ಹಾಕಿಕೊಂಡು ಇನ್ನೊಂದು ಕೇಳಿದಳು. ಊಟವಾದ ಮೇಲೆ ಕೊಯ್ಲಿನ ಹಾಡು ಹೇಳಿಸಿದೆವು. ಹುದ್‌ಹುದ್ ಎಂಬ ಆ ಹಾಡಿಗೂ ಯುನೆಸ್ಕೊ ಮನ್ನಣೆಯಿದೆ. ಪೂರ್ತಿ ಹಾಡಿದರೆ ದಿನಗಟ್ಟಲೆ ಹಿಡಿಯುತ್ತದಂತೆ. ನಮಗೆ ದೊರೆತದ್ದು ಒಂದು ಚೂರು. ಪ್ರತಿಯಾಗಿ ನಾನು ಬೀಸುವ ಹಾಡು ಹೇಳಿದೆ. ಯಾರೂ ಎದ್ದುಹೋಗಲಿಲ್ಲ, ಏಣಿ ಮೇಲಿತ್ತು.

ನೀವೂ ಹೋಗಬಹುದು. ಮಳೆಗಾಲವೆಂದು ಹೆದರಬೇಡಿ, ಚಂಡಮಾರುತದ ಸೂಚನೆ ಮಾತ್ರ ನೋಡಿಕೊಂಡು ಹೊರಡಿ. ಬೆಳಗಿನ ಹೊತ್ತು ನಡೆದು ಮುಗಿಸಿ. ಊರಿನ ಮಾರ್ಗದರ್ಶಿಯನ್ನೇ ಕರೆದುಕೊಳ್ಳಿ, ಚೌಕಾಸಿ ಮಾಡಬೇಡಿ. ನೀವು ಅಂಚಿನ ಮೇಲೆ ಫೋಟೊ ತೆಗೆಯುತ್ತಿರುವಾಗ ಎದುರಿನಿಂದ ಹೆಗಲ ಮೇಲೆ ಭತ್ತದ ಕಟ್ಟು ಹೊತ್ತವರು ಬಂದರೆ ಗದ್ದೆಯೊಳಗೆ ಕಾಲಿಡಬೇಡಿ, ತೆನೆ ತುಳಿಯುತ್ತೀರಿ. ಹಿಂದಕ್ಕೆ ನಡೆದು, ಅಂಚು ಅಗಲ ಇರುವಲ್ಲಿ ನಿಂತು, ಅವರಿಗೆ ದಾರಿ ಬಿಡಿ.