ಅಳತೆಗೆ ಸಿಕ್ಕದ ಕುರಿ

(ಯುಗಾದಿ ಹಬ್ಬದ ದಿನ. ಯಲಹಂಕದ ಒಂದು ಸೂಪರ್ ಮಾರ್ಕೆಟ್‌ನ ಹಿಂಬಾಗಿಲು. ತಕ್ಕಡಿ ಮೇಲೆ ಬನ್ನೂರು ಟಗರು.)

ಅಧಿಕಾರಿ: 28 ಕೆಜಿ. 25 ದಾಟಿದ್ರೆ 'ಬಿ' ಗ್ರೇಡು. ಕೆಜಿಗೆ 30 ರೂಪಾಯಿ ಕಡಿತ.

ರೈತ: ಹೋದ ಸಲ 22 ಅಂತ ವಾಪಸ್ ಕಳಿಸಿದ್ರಲ್ಲ ಸಾ, ಮೇಯಿಸ್ಕೊಂಡು ಬಾ ಅಂತ!

ಅಧಿಕಾರಿ: ಮೇಯಿಸು ಅಂದೆ, ಕೊಬ್ಬಿಸು ಅಂದ್ನಾ? ಕೊಬ್ಬಿಗೆ ಇನ್ನೊಂದು ಕಡಿತ.

ರೈತ: ಮಂಡ್ಯ ಸೀಮೆಯ ಬನ್ನೂರು ಕುರಿಗೆ ಹೆಸರು ಬಂದಿದ್ದೇ ಆ ಕೊಬ್ಬಿನ ರುಚಿಗೆ ಸಾ.

ಅಧಿಕಾರಿ: ರುಚಿಗೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ.

ರೈತ: ಕುಯ್ದ್ರೆ ಮಾಂಸ ಸಿಗೋದೇ ಸುಮಾರು ಅರ್ಧ ತೂಕ. ತಲೆ, ಕಾಲು, ಬೋಟಿಗೇನು ಕೊಡ್ತೀರಿ?

ಅಧಿಕಾರಿ: ಅದೆಲ್ಲ ವೇಸ್ಟು. ದುಡ್ಡಿಲ್ಲ.

ರೈತ: ಒಳಗೆ ಫ್ರೀಜರ್‌ನಾಗೆ ಕಾಲಿಗೆ ರೇಟು ಅಂಟಿಸಿದ್ದೀರಲ್ಲ?

ಅಧಿಕಾರಿ: ಅದು ಪ್ಯಾಕ್ ಮಾಡಿದ ವೇಸ್ಟು!

ರೈತ: ಆಯ್ತು ಬಿಡಿ. ನಾಳೆ ಹೊಸತೊಡಕು. ಆರ್.ಟಿ. ನಗರದ ಮಟನ್ ಅಂಗಡಿ ಸಾಬ್ರು ತಲೆ, ಬೋಟಿ ಲೆಕ್ಕ ಹಾಕೇ ರೇಟು ಹೇಳವ್ರೆ. (ಹಗ್ಗ ಬಿಚ್ಚುತ್ತಾನೆ.)

ಅಧಿಕಾರಿ: ಇರಿ ಯಜಮಾನ್ರೇ! ಈ ತಕ್ಕಡಿ ಯಾವಾಗಲೂ 3 ಕೆಜಿ ಜಾಸ್ತಿ ತೋರಿಸುತ್ತೆ. 25 ಅಂತ ಬರ್ಕೊಳ್ತೀನಿ, 'ಎ' ಗ್ರೇಡು!

ರೈತ: ಹಂಗಾದ್ರೆ ಆ 3 ಕೆಜಿ ದುಡ್ಡು?

ಅಧಿಕಾರಿ: ಅದೇ ಗ್ರೇಡಿಂಗ್ ಚಾರ್ಜು.